ಎಡಗಡೆಯ ಅರವತ್ತೆರಡು ಕಿಲೋ

ಹಳೆಯ ಕಾರು ಕೊಳ್ಳುವವರ ಪರವಾಗಿ ಕಾರುಗಳನ್ನು ಪರೀಕ್ಷಿಸುವುದು ನನ್ನ ಕಸುಬು. ಕಳೆದ ನವೆಂಬರಿನಲ್ಲಿ ಇಂಗ್ಲಿಷ್ ಗೆಳೆಯ ಡೆಂಜಿಲ್ ನನ್ನನ್ನು ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿದ್ದ ವಿಧವೆ ಮಿಸೆಸ್ ಓಲ್ಡ್‌ರಾಯ್ಡ್ ಅವರ ಮನೆಗೆ ಕರೆದೊಯ್ದ. ಶೆಡ್ಡಿನಲ್ಲಿ ಅರವತ್ತರ ದಶಕದ ಎರಡು ಕಾರುಗಳಿದ್ದವು. ಎರಡೂ ದೂರದ ಪ್ರಯಾಣಕ್ಕೆಂದೇ ಮಾಡಿದಂಥವು. ಒಂದು ಇಂಗ್ಲಿಷ್, ಇನ್ನೊಂದು ಅಮೆರಿಕನ್. ಡೆಂಜಿಲ್‌ಗೆ ಅವುಗಳಲ್ಲೊಂದು ಬೇಕಿತ್ತು.

“ಅಮೆರಿಕದ್ದು ಸೋಫಾ ಇದ್ದಂಗೆ ಕಣೋ, ಕೂತ್ರೆ ನಿದ್ದೆ ಬರುತ್ತೆ. ಓಡ್ಸೋಕೆ ನಮ್ಮದೇ ಸರಿ,” ಎಂದ ಡೆಂಜಿಲ್.

“ನಿಮ್ಮದು ಸ್ಟಾರ್ಟ್ ಆದ್ರೆ ತಾನೇ,” ಎಂದೆ.

ಪ್ರತಿ ಚಕ್ರದ ಕೆಳಗೂ ಅಂಕಿ ತೋರಿಸುವ ಒಂದು ಚಪ್ಪಟೆ ತಕ್ಕಡಿ ಇಟ್ಟು ತೂಗುವುದು ನನ್ನ ಪದ್ಧತಿ. ಅಮೆರಿಕನ್ ಕಾರು ಸರಿಯಾಗಿತ್ತು. ಇಂಗ್ಲಿಷ್ ಕಾರು ಖಾಲಿಯಿದ್ದರೂ ಎಡಗಡೆ ಅರವತ್ತೆರಡು ಕಿಲೋ ಹೆಚ್ಚು ತೋರಿಸಿತು. ತಕ್ಕಡಿಗಳನ್ನು ಅದಲುಬದಲು ಮಾಡಿದರೂ ಅಷ್ಟೇ ಬಂತು. ಬಾಗಿಲು ತೆಗೆದು ಎಡಸೀಟನ್ನು ಮುಟ್ಟಿದೆ. ನಮ್ಮ ಉಸಿರು ಹೊಗೆಯಾಗುವಂಥ ಆ ಚಳಿಯಲ್ಲಿ ಸೀಟಿನ ಚರ್ಮ ಬೆಚ್ಚಗಿತ್ತು.

“ಇಲ್ಲಿ ನೀವು ಕೂರ್ತಿದ್ರಾ ಮೇಡಂ?”

“ನನ್ನನ್ನ ನಮ್ಮ ಯಜಮಾನ್ರು ಒಂದಿನಾನೂ ಕೂರಿಸ್ಲಿಲ್ಲಪ್ಪ,” ಎಂದರು ಆಕೆ. “ಜಾಗ ಇಲ್ಲ ಅಂತಿದ್ರು.”

ಡೆಂಜಿಲ್ ನಗುತ್ತ ಬಲಬದಿಯಲ್ಲಿ, ಚಾಲಕನ ಸೀಟಿನಲ್ಲಿ ಕೂತ. ಬಲಗಡೆಯ ಅಂಕಿ ಅವನ ತೂಕದಷ್ಟು ಏರಿ ನಿಂತಿತು. ಸ್ವಲ್ಪ ಹೊತ್ತಿಗೆ ಎಡಗಡೆಯ ಅರವತ್ತೆರಡು ಮೆಲ್ಲಗೆ ಇಳಿಯತೊಡಗಿತು. ಇಳಿದಷ್ಟೂ ಬಲಗಡೆ ಏರಿತು. ಅವನ ನಗು ನಿಂತಿತ್ತು.

“ಯಾಕೋ ತೊಡೆ ಜೋಮು ಹಿಡೀತಿದೆ,” ಎಂದು ಇಳಿದುಬಿಟ್ಟ.

ಕೊನೆಗೆ ಅಮೆರಿಕನ್ ಕಾರನ್ನೇ ಕೊಂಡು, ತಾನೇ ಓಡಿಸಿಕೊಂಡು ಮನೆಗೆ ಹೋದ.

ಅವನು ಹೋದ ಮೇಲೆ ಇಂಗ್ಲಿಷ್ ಕಾರನ್ನು ಇನ್ನೊಮ್ಮೆ ತೂಗಿದೆ. ಎಡಬಲ ಸಮವಾಗಿತ್ತು. ಇದನ್ನು ಅವನಿಗೆ ನಾನಿನ್ನೂ ಹೇಳಿಲ್ಲ.