ಅರೆಕೆರೆಗೆ ಬಂದ ಬಳೆಬಾಲ

ಶನಿವಾರ ಹನ್ನೊಂದಕ್ಕೆ ಶಶಿಧರ್ ಬರುತ್ತಾನೆಂದು ಜಯನಗರದ ಆ ಪೆಟ್ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಗೊತ್ತು. ಗುಂಡುಕಲ್ಲಿನಂಥ ಅವನ ಬೆಕ್ಕಿಗೆ ಮೂರು ತಿಂಗಳಲ್ಲಿ ಹನ್ನೆರಡು ಕಾಯಿಲೆ. ಒಂದೂ ನಿಜವಲ್ಲ. ಗದಗದಿಂದ ಬಂದು ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡಿದ್ದ ನರ್ಸ್ ಜಯಾ ತೂಕ ಬರೆದುಕೊಳ್ಳುವಾಗ, ಅವನು ಅವಳ ಕಿವಿಯ ಪಕ್ಕ ಜಾರುವ ಕೂದಲನ್ನೇ ನೋಡುತ್ತಿದ್ದ. ಅವಳಿಗೂ ಗೊತ್ತು. ಗೊತ್ತಿದ್ದೇ ಒಮ್ಮೆಯೂ ಹಿಂದಕ್ಕೆ ಸರಿಸಿರಲಿಲ್ಲ.

"ಇವತ್ತೇನ್ರೀ ನಿಮ್ಮ ಬೆಕ್ಕಿಗೆ? ಮನಸಿಗೆ ಬ್ಯಾಸರಾ?"

ಅವನು ನಗಲಿಲ್ಲ. "ಇವತ್ತು ಬೆಕ್ಕಲ್ಲ, ಜಯಾ ಅವರೇ."

ಬುಟ್ಟಿಯ ಬಾಗಿಲು ತೆಗೆದ. ಮೊದಲು ಕಂಡದ್ದು ಬಾಲ, ಕಪ್ಪು ಬಿಳಿ ಬಳೆ ತೊಡಿಸಿದಂಥದ್ದು. ಆಮೇಲೆ ಮಂಕಾದ ಎರಡು ಕಿತ್ತಳೆ ಕಣ್ಣು. ಹಣೆಯಲ್ಲಿ ಕುಂಕುಮ. ಚಿತ್ರದಲ್ಲಷ್ಟೇ ನೋಡಿದ್ದ, ಕೋತಿಯಂಥ ಲೆಮೂರ್! ಜಯಾ ಪೆನ್ನು ಕೆಳಗಿಟ್ಟಳು.

"ಎಲ್ಲಿಂದ ತಂದ್ರಿ?"

"ವಾಟ್ಸಾಪಲ್ಲಿ ಒಬ್ಬ ಡೀಲರ್... ಮರಿ ಇದ್ದಾಗ ಸಖತ್ ಕ್ಯೂಟ್ ಇತ್ತು. ನಮ್ಮಜ್ಜಿ ಆಂಜನೇಯನೇ ಬಂದ ಅಂತ ದಿನಾ ಬಾಳೆಹಣ್ಣಿನ ರಸಾಯನ ನೈವೇದ್ಯ ಇಡ್ತಾರೆ. ನಾಲ್ಕು ದಿನದಿಂದ ಏಳ್ತಾನೇ ಇಲ್ಲ."

"ಎಲೆ, ಕಾಡುಕಾಯಿ ತಿನ್ನೋ ಜೀವಕ್ಕ ಬೆಲ್ಲದ ರಸಾಯನ! ಕೈ ಮುಗದು ಕೊಲ್ಲಾಕತ್ತೀರಿ. ಮಡಗಾಸ್ಕರ್ ಕಾಡು ಬಿಟ್ರ ಇವಕ್ಕ ಜಗತ್ತಿನಾಗ ಬ್ಯಾರೆ ಮನಿ ಇಲ್ಲ. ಆ ಕಾಡೂ ಕಡದು, ಸುಟ್ಟು ಮುಗಸಾಕತ್ತಾರ. ಉಳದಿದ್ದನ್ನ ತಾಯಿ ಬೆನ್ನಿಂದ ಕಿತ್ತು ತಂದು ನೀವು ರೀಲ್ಸ್ ಮಾಡ್ತೀರಿ!"

ಅವನು ತಲೆ ತಗ್ಗಿಸಿದ. ಒಳಗಿನಿಂದ ಬಂದ ಡಾಕ್ಟರ್ ಲತಾಮಣಿ ರಕ್ತದ ಸಕ್ಕರೆ ನೋಡಿ ಹುಬ್ಬು ಗಂಟಿಕ್ಕಿದರು. "ಡ್ರಿಪ್ ಹಾಕ್ತೀನಿ. ಲೈಸೆನ್ಸ್ ಇಲ್ಲದೆ ಇಂಥದ್ದನ್ನ ಸಾಕೋ ಹಾಗಿಲ್ಲ, ಫಾರೆಸ್ಟ್‌ನವರಿಗೆ ತಿಳಿಸಲೇಬೇಕು. ಫೋನ್ ಮಾಡು ಜಯಾ."

ಫೋನೇನೋ ಕೈಗೆ ಬಂತು, ಬೆರಳು ಏಳಲಿಲ್ಲ. ಮಾಡಿದರೆ ಇವನ ಮೇಲೆ ಕೇಸು. ಮಾಡದಿದ್ದರೆ ತನ್ನ ಮುಖ ತಾನೇ ನೋಡಿಕೊಳ್ಳುವ ಹಾಗಿಲ್ಲ. ಶಶಿಧರ್ ಒಮ್ಮೆ ಬಾಗಿಲ ಕಡೆ ನೋಡಿದ. ಓಡಿಬಿಟ್ಟರೆ?

ಅವನು ಕೈ ಚಾಚಿದ. "ಕೊಡಿ. ನಾನೇ ಮಾಡ್ತೀನಿ."

"ಕೇಸ್ ಆಗ್ತೈತಿ."

"ಆಗ್ಲಿ. ತಂದೋನು ನಾನು."

ತನ್ನ ಹೆಸರು, ಅರೆಕೆರೆ ಮನೆ ವಿಳಾಸ, ಡೀಲರ್ ನಂಬರ್ ಎಲ್ಲ ಹೇಳಿದ. ಫೋನನ್ನು ಅವಳ ಕೈಗೆ ವಾಪಸು ಕೊಟ್ಟ.

ಕಿಟಕಿಯಿಂದ ಬಿಸಿಲು ಮೇಜಿಗೆ ಬಿದ್ದಿತ್ತು. ಡ್ರಿಪ್ ಅರ್ಧ ಇಳಿದ ಮೇಲೆ ಲೆಮೂರ್ ತೆವಳಿಕೊಂಡು ಅತ್ತ ಹೋಯಿತು. ಕಷ್ಟಪಟ್ಟು ಕೂತು, ಎರಡೂ ತೋಳು ಬಿಚ್ಚಿ ಹೊಟ್ಟೆಯನ್ನು ಬಿಸಿಲಿಗೆ ಒಡ್ಡಿತು.

"ಅಲ್ಲಿ ಕಾಡಿನಾಗ ಹಿಂಗ ಕೂಡ್ತಾವಂತ," ಜಯಾ ಪಿಸುಗುಟ್ಟಿದಳು.

"ನಮ್ಮನೇಲಿ ಒಂದಿನಾನೂ ಕೂತಿರ್ಲಿಲ್ಲ. ಎ.ಸಿ. ರೂಮಲ್ಲಿಟ್ಟಿದ್ದೆ." ಅವನ ಕಣ್ಣು ತುಂಬಿತ್ತು. "ಬದುಕುತ್ತಾ?"

"ಗೊತ್ತಿಲ್ಲ."

"ಇನ್ನು ನಂಗೆ ಇಲ್ಲಿಗೆ ಬರೋಕೆ ಮುಖ ಇಲ್ಲ. ಬೆಕ್ಕಿಗೆ ಏನೂ ಆಗಿಲ್ಲ, ಜಯಾ. ಯಾವತ್ತೂ ಏನೂ ಆಗಿರ್ಲಿಲ್ಲ."

"ಅದೂ ಗೊತ್ತೈತಿ." ಕೂದಲು ಜಾರಿತು, ಅವಳು ಸರಿಸಲಿಲ್ಲ. "ಮುಂದಿನ ಶನಿವಾರ ಬೆಕ್ಕು ಮನ್ಯಾಗ ಬಿಟ್ಟು ಬರ್ರಿ."

ಹೊರಗೆ ಜೀಪು ನಿಂತ ಸದ್ದಾಯಿತು. ಅವನು ಎದ್ದ. ಅವಳೂ ಎದ್ದು, ಅವನ ಪಕ್ಕದಲ್ಲೇ ನಿಂತಳು.