ಎಡಗಾಲಿನ ಅಚ್ಚು

ಪತ್ರಿಕೆಯಲ್ಲಿ ಬಂದ ಆ ಚಿತ್ರವನ್ನು ಅವನು ನಲವತ್ತು ಸಲವಾದರೂ ನೋಡಿದ್ದ. ಹಳೆಯ ಪಾಲುದಾರ ಮೇಜಿನ ಹಿಂದೆ ಕೂತಿದ್ದ. ಎರಡೂ ಕೈಗಳ ನಡುವೆ ಒಂದು ಪುಟ್ಟ ಬೂಟನ್ನು ಹಕ್ಕಿಮರಿಯ ಹಾಗೆ ಹಿಡಿದಿದ್ದ. ಕೆಳಗೆ ದಪ್ಪ ಅಕ್ಷರ: ‘ಕುಂಟುವ ಕಾಲುಗಳನ್ನು ನೆಟ್ಟಗೆ ನಡೆಸಿದ ಕೈಗಳು’.

ಆ ಬೂಟಿನ ಬಲಬದಿಯ ಹೊಲಿಗೆಯಲ್ಲಿ ಏಳನೆಯದು ಸ್ವಲ್ಪ ಓರೆ. ಅದನ್ನು ಹಾಕುವಾಗ ದಬ್ಬಳ ಜಾರಿ ಇವನ ಹೆಬ್ಬೆರಳಿಗೆ ಚುಚ್ಚಿತ್ತು. ಕಲೆ ಇನ್ನೂ ಉಳಿದಿತ್ತು. ಆದರೆ ಹೆಬ್ಬೆರಳು ಎತ್ತಿಕೊಂಡು ಯಾರ ಮುಂದೆ ಹೋಗಿ ನಿಲ್ಲುವುದು?

ಹದಿನಾಲ್ಕು ವರ್ಷ ಇಬ್ಬರೂ ಸೇರಿ ಕಂಪನಿ ನಡೆಸಿದ್ದರು. ಒಂದು ಕಾಲು ಗಿಡ್ಡ ಇದ್ದವರಿಗೆ, ಪಾದ ತಿರುಚಿಕೊಂಡವರಿಗೆ ಅಳತೆ ತೆಗೆದು ಬೂಟು ಮಾಡಿಕೊಡುವ ಕೆಲಸ. ಮುಂದಿನ ಕೋಣೆಯಲ್ಲಿ ಪಾಲುದಾರ ಗಿರಾಕಿಗಳನ್ನು ಮಾತಾಡಿಸುತ್ತಿದ್ದ. ಹಿಂದಿನ ಕೋಣೆಯಲ್ಲಿ ಇವನು ಒಬ್ಬೊಬ್ಬರ ಪಾದದ ಅಚ್ಚನ್ನೂ ಮರದಲ್ಲಿ ಕೆತ್ತಿ, ಅದರ ಮೇಲೆ ಚರ್ಮ ಬಿಗಿದು, ಅಡಿಗೆ ಅಟ್ಟೆ ಕೂರಿಸುತ್ತಿದ್ದ. ಗಿರಾಕಿಗಳು ಪಾಲುದಾರನನ್ನು ಮಾತಿನಮಲ್ಲ ಎಂದರು, ಇವನನ್ನು ಮೂಕಪ್ಪ ಎಂದರು. ಮೂಕಪ್ಪನ ಬಾಯಿಂದ ಗಿರಾಕಿಗಳು ಕೇಳಿದ್ದು ಒಂದೇ ಮಾತು: “ಎರಡು ವರ್ಷ ಬಾಳುತ್ತೆ, ಆಮೇಲೆ ಬನ್ನಿ.” ಮಾತಿನಮಲ್ಲನಿಗೇ ಎಡಗಾಲು ಒಂದೂವರೆ ಬೆರಳು ಗಿಡ್ಡ. ಮೂಕಪ್ಪ ಮಾಡಿದ ಬೂಟು ತೊಟ್ಟು ಅವನು ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದರೆ ಸಾಕು, ಬಂದವರು ಕಣ್ಣುಮುಚ್ಚಿ ಅಳತೆ ಕೊಡುತ್ತಿದ್ದರು.

ಆರು ವರ್ಷದ ಹಿಂದೆ ಒಬ್ಬ ತಾಯಿ ಮಗಳ ಬೂಟನ್ನು ಕಣ್ಣಿಗೊತ್ತಿಕೊಂಡು, ಇದನ್ನು ಮಾಡಿದ ಪುಣ್ಯಾತ್ಮ ಯಾರು ಎಂದು ಕೇಳಿದಳು. “ನಾನೇ ಅಮ್ಮ,” ಎಂದ ಮಾತಿನಮಲ್ಲ. ಪರದೆಯ ಹಿಂದೆ ಮೂಕಪ್ಪ ಉಳಿ ಕೆಳಗಿಟ್ಟ. ಜಗಳವಾಡಲಿಲ್ಲ. ಸಂಜೆ ತನ್ನ ಸಲಕರಣೆಗಳನ್ನೂ ಅಚ್ಚುಗಳನ್ನೂ ಚೀಲಕ್ಕೆ ತುಂಬಿಕೊಂಡು ಹೊರಟುಹೋದ. ಅಂದಿನಿಂದ ಊರಿನ ಇನ್ನೊಂದು ತುದಿಯಲ್ಲಿ ಚೀಲ, ಪೆಟ್ಟಿಗೆ ರಿಪೇರಿ ಮಾಡುತ್ತಿದ್ದ. ಹಳೆಯ ಅಂಗಡಿ ಇದ್ದ ಬೀದಿಗೆ ಅವನು ಮತ್ತೆ ಕಾಲಿಡಲಿಲ್ಲ. ಮಾತಿನಮಲ್ಲನ ಮುಖವನ್ನು ಈ ಚಿತ್ರದಲ್ಲಿ ಬಿಟ್ಟರೆ ನೋಡಿರಲೇ ಇಲ್ಲ.

ಈಗ ಚರ್ಮದ ಕೆಲಸಗಾರರ ಸಂಘ ಮಾತಿನಮಲ್ಲನಿಗೆ ಸನ್ಮಾನ ಮಾಡಲಿತ್ತು. ಹಳೆಯ ಬೂಟುಗಳನ್ನೆಲ್ಲ ಗಾಜಿನ ಕಪಾಟಿನಲ್ಲಿಟ್ಟು, ಮೇಲೆ ಅವನ ಹೆಸರು ಬರೆಸಲಿತ್ತು. ಮೂಕಪ್ಪನಿಗೆ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಎನಿಸತೊಡಗಿತು. ಕೊನೆಗೆ ಸಂಘದ ಕಚೇರಿಗೆ ಹೋಗಿ ಕಾರ್ಯದರ್ಶಿಯ ಮುಂದೆ ಕೂತ. ಹೇಳಬೇಕೆಂದುಕೊಂಡದ್ದರಲ್ಲಿ ಕಾಲುಭಾಗವೂ ಬಾಯಿಗೆ ಬರಲಿಲ್ಲ. ಆಕೆ ಸಮಾಧಾನದಿಂದಲೇ ಕೇಳಿಸಿಕೊಂಡಳು.

“ನೀವೇ ಮಾಡಿದ್ದು ಅನ್ನೋಕೆ ಏನಾದ್ರೂ ಇದೆಯಾ ಅಣ್ಣ? ಒಂದು ಪುಸ್ತಕ, ಒಂದು ಚೀಟಿ? ಬಾಯಿಮಾತಲ್ಲಿ ಅವರನ್ನ ಗೆಲ್ಲೋಕೆ ನಿಮ್ಮಿಂದ ಆಗಲ್ಲ.”

ಏನೂ ಇರಲಿಲ್ಲ. “ಇದೆ,” ಎಂದ ಮೂಕಪ್ಪ.

ಆ ಸುಳ್ಳು ಹೇಗೆ ಬಂತೋ ಅವನಿಗೇ ತಿಳಿಯದು. ಆದರೆ ಮನೆ ಮುಟ್ಟುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿದ್ದವು. ಇಲ್ಲದ ಪುರಾವೆಯನ್ನು ತೋರಿಸಲು ಸಾಧ್ಯವಿಲ್ಲ. ಆದರೆ ಇಲ್ಲದ ಪುರಾವೆ ಕಳುವಾಗಬಹುದು. ಕದ್ದವನು ಮಾತಿನಮಲ್ಲನೇ ಆಗಿಬಿಟ್ಟರೆ, ಅದರೊಳಗೆ ಏನಿತ್ತೆಂದು ಯಾರೂ ಕೇಳುವುದಿಲ್ಲ. ಕದ್ದದ್ದೇ ಪುರಾವೆ.

ಮಾರನೆಯ ದಿನ ಒಂದು ಖಾಲಿ ಪುಸ್ತಕವನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಅರಗಿನ ಮುದ್ರೆ ಒತ್ತಿ ಕಾರ್ಯದರ್ಶಿಗೆ ಕೊಟ್ಟ. ಯಾವ ಬೂಟು ಯಾರು ಮಾಡಿದ್ದೆಂಬ ಹಳೆಯ ಕೆಲಸದ ಪುಸ್ತಕ ಇದು ಎಂದು ಹೇಳಿದ. ಸೋಮವಾರ ಸಂಘದ ಸಮಿತಿಯ ಮುಂದೆಯೇ ಒಡೆಯಬೇಕು ಎಂದ. ಆಕೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಮೇಜಿನ ಸೆಳೆಖಾನೆಗೆ ಹಾಕಿದ್ದನ್ನು ನೋಡಿಕೊಂಡ. ನಿಯಮದ ಪ್ರಕಾರ ಮಾತಿನಮಲ್ಲನಿಗೂ ಫೋನು ಮಾಡಿ ತಿಳಿಸುವುದಾಗಿ ಆಕೆ ಹೇಳಿದಳು. ಮೂಕಪ್ಪ ತಲೆಯಾಡಿಸಿದ. ಅವನಿಗೆ ಬೇಕಾದದ್ದೂ ಅದೇ. ಹೊರಡುವಾಗ ಆಕೆ ತಾನಾಗಿಯೇ ಇನ್ನೊಂದು ಮಾತು ಸೇರಿಸಿದಳು: ಶನಿವಾರ ಹಿಂಬಾಗಿಲ ಮುಂದೆ ಸಿಮೆಂಟು ಹಾಕಿಸುತ್ತಿದ್ದೇವೆ, ಆ ಕಡೆಯಿಂದ ಮಾತ್ರ ಬರಬೇಡಿ.

ಮನೆಯ ಅಟ್ಟದಿಂದ ಮಾತಿನಮಲ್ಲನ ಪಾದದ ಅಚ್ಚುಗಳನ್ನು ಇಳಿಸಿ ಧೂಳು ಒರೆಸಿದ. ಎಡಗಾಲಿನದನ್ನು ಕೈಯಲ್ಲಿ ಹಿಡಿದರೆ ಹಳೆಯ ಗೆಳೆಯನ ಮೈ ಮುಟ್ಟಿದ ಹಾಗಾಯಿತು. ಮೂರು ದಿನ ಕೂತು ಹೊಸ ಜೋಡಿ ಕಟ್ಟಿದ. ಅಟ್ಟೆಯ ಅಳತೆ ಮಾತಿನಮಲ್ಲನದು, ಒಳಗಿನ ಜಾಗ ತನ್ನ ಕಾಲಿನದು. ಎಡಗಡೆಯ ಎತ್ತರ ಒಳಬದಿಗೆ ಕೂದಲೆಳೆಯಷ್ಟು ಇಳಿಯಬೇಕು, ಇಳಿಯಿತು. ಹೊರ ಅಂಚನ್ನು ಅರದಿಂದ ಉಜ್ಜಿ, ನಡೆದು ಸವೆದಂತೆ ಮಾಡಿದ. ಎಷ್ಟೋ ವರ್ಷಗಳ ನಂತರ ಕೈ ತನ್ನ ನಿಜವಾದ ಕೆಲಸಕ್ಕೆ ಮರಳಿತ್ತು. ಒಮ್ಮೊಮ್ಮೆ ಯಾಕಾಗಿ ಮಾಡುತ್ತಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು.

ಆಮೇಲೆ ನಡಿಗೆ. ಆ ಬೂಟು ತೊಟ್ಟಾಗಲೂ ಮಾತಿನಮಲ್ಲನ ಎಡಹೆಜ್ಜೆ ಚೂರು ಹೊರಕ್ಕೆ ತಿರುಗುತ್ತಿತ್ತು, ಬಲಹೆಜ್ಜೆ ಭಾರವಾಗಿ ಬೀಳುತ್ತಿತ್ತು. ಮೂಕಪ್ಪ ಓಣಿಯಂಥ ನಡುಮನೆಯಲ್ಲಿ ಅತ್ತಿತ್ತ ನಡೆದು ಅಭ್ಯಾಸ ಮಾಡಿದ. ಹೆಂಡತಿ ಬಾಗಿಲಿಗೆ ಬಂದು ನಿಂತಳು.

“ಏನ್ರೀ ಇದು, ಊರವರ ಕಾಲು ನೆಟ್ಟಗೆ ಮಾಡಿದೋರಿಗೆ ಸ್ವಂತ ಕಾಲೇ ಕೈಕೊಡ್ತಾ?”

“ಆಣಿ.”

“ಆಣಿಯಾದ್ರೆ ನೋವಿಗೆ ಕುಂಟ್ತಾರೆ. ನೀವು ನೋಡಿದ್ರೆ ಎಣಿಸಿ ಎಣಿಸಿ ಕುಂಟ್ತಿದೀರಿ.”

ಅವಳು ನಗುತ್ತ ಒಳಗೆ ಹೋದಳು. ಅವನಿಗೆ ನಗು ಬರಲಿಲ್ಲ. ಅವಳು ಹೇಳಿದ್ದು ಸರಿ ಎನಿಸಿ, ಎಣಿಸುವುದನ್ನು ಬಿಟ್ಟು ನಡೆದ. ಆಗ ಹೆಜ್ಜೆ ತಾನಾಗಿಯೇ ಕೂಡಿ ಬಂತು.

ಶನಿವಾರ ಐದಕ್ಕೆ ಕಚೇರಿ ಮುಚ್ಚಿತು. ಐದೂವರೆಗೆ ಮೇಸ್ತ್ರಿ ತನ್ನ ಬಾಣಲೆ ತೊಳೆದುಕೊಂಡು ಹೋದ. ಆರು ಗಂಟೆಗೆ, ಇನ್ನೂ ಬೆಳಕಿರುವಾಗಲೇ, ಮೂಕಪ್ಪ ಹಿಂದಿನ ಓಣಿಯಲ್ಲಿ ಬೂಟು ಬದಲಿಸಿದ. ಹೊಸ ಸಿಮೆಂಟು ತಟ್ಟೆಗೆ ಸುರಿದ ಗಂಜಿಯ ಹಾಗೆ ನುಣ್ಣಗಿತ್ತು. ನೋಡದೆ ಕಾಲಿಟ್ಟವನಂತೆ ನಾಲ್ಕು ಹೆಜ್ಜೆ ಹಾಕಿದ. ಹಿಂಬಾಗಿಲಿನ ಸಂದಿಗೆ ಚರ್ಮ ಕೊಯ್ಯುವ ಚೂರಿ ತೂರಿಸಿದಾಗ ಸಡಿಲ ಚಿಲಕ ಸರಿಯಿತು. ಸೆಳೆಖಾನೆ, ಬೀಗದ ಕೈ, ಕಪಾಟು, ಕಟ್ಟು. ಮತ್ತೆ ನಾಲ್ಕು ಹೆಜ್ಜೆ. ಭಾನುವಾರ ರಜೆ. ಸೋಮವಾರದ ಹೊತ್ತಿಗೆ ಆ ಗುರುತುಗಳು ಕಲ್ಲಾಗಿರುತ್ತವೆ. ಪೊಲೀಸರು ಮಾತಿನಮಲ್ಲನ ಬೂಟು ಬಿಚ್ಚಿಸಿ ಗುರುತಿನೊಳಗೆ ಇಟ್ಟರೆ ಸಾಕು, ಬೆರಳಿಗೆ ಉಂಗುರ ಕೂತ ಹಾಗೆ ಕೂರುತ್ತದೆ.

ಮನೆಗೆ ಬಂದು ಬೂಟನ್ನು ತುಂಡು ತುಂಡು ಮಾಡಿ, ಪುಸ್ತಕದ ಜೊತೆ ಒಲೆಗೆ ಹಾಕಿದ. ಅಚ್ಚುಗಳನ್ನು ಹಾಕಲು ಮಾತ್ರ ಕೈ ಬರಲಿಲ್ಲ. ಅಟ್ಟದ ಮೇಲೆ ಮತ್ತೆ ಅವುಗಳ ಜಾಗದಲ್ಲೇ ಇಟ್ಟ. ಭಾನುವಾರವಿಡೀ ಏನನ್ನೋ ಮರೆತ ಹಾಗಿತ್ತು. ಒಂದೊಂದನ್ನೇ ಮನಸ್ಸಿನಲ್ಲಿ ತಿರುವಿ ನೋಡಿದ. ಯಾವುದೂ ಬಿಟ್ಟುಹೋಗಿರಲಿಲ್ಲ.

ಸೋಮವಾರ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಕಾರ್ಯದರ್ಶಿ ಖಾಲಿ ಕಪಾಟಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಇನ್‌ಸ್ಪೆಕ್ಟರ್ ಹಿಂಬಾಗಿಲಲ್ಲಿ ಬಗ್ಗಿ, ಎಡ ಗುರುತಿನ ಓರೆಯನ್ನೂ ಬಲ ಗುರುತಿನ ಆಳವನ್ನೂ ನೋಡಿ, ಒಂದು ಕಡೆ ಎತ್ತರದ ಬೂಟು ತೊಡುವವರು ಯಾರಿದ್ದಾರೆ ಎಂದು ಕೇಳಿದ. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಕಪ್ಪ ಗೋಡೆಗೆ ಒರಗಿ ನಿಂತಿದ್ದ. ಮಾತಿನಮಲ್ಲನಿಗೆ ಹೇಳಿಕಳಿಸಿದರು. ಸ್ವಲ್ಪ ಹೊತ್ತಿಗೆ ಹೊರಗಿನ ಮೊಗಸಾಲೆಯಲ್ಲಿ ಟಕ್, ಟಕ್ ಎಂಬ ಸದ್ದು ಕೇಳಿತು. ಮೇಸ್ತ್ರಿ ಏನೋ ಬಡಿಯುತ್ತಿದ್ದಾನೆ ಎಂದುಕೊಂಡ ಮೂಕಪ್ಪ.

ಮಾತಿನಮಲ್ಲ ಕೋಲೂರಿಕೊಂಡು ಒಳಗೆ ಬಂದ. ಕಾಲಲ್ಲಿ ಸಾದಾ ರಬ್ಬರ್ ಚಪ್ಪಲಿ. ಪ್ರತಿ ಹೆಜ್ಜೆಗೂ ಮೈಯೆಲ್ಲ ಎಡಕ್ಕೆ ವಾಲುತ್ತಿತ್ತು. ನೇರ ಹಿಂಬಾಗಿಲಿಗೆ ಹೋಗಿ, ಕಷ್ಟಪಟ್ಟು ನೆಲಕ್ಕೆ ಕೂತು, ಸಿಮೆಂಟಿನ ಗುರುತಿನ ಅಂಚಿಗೆ ಬೆರಳಾಡಿಸಿದ. ಹಿಂದೆ ಹೊಸ ಬೂಟು ಕೈಗೆ ಬಂದಾಗ ಆಡಿಸುತ್ತಿದ್ದ ಹಾಗೆಯೇ. “ಈ ಬೂಟು ನನ್ನತ್ರ ಇದ್ದಿದ್ರೆ ಈ ಕೋಲು ಯಾಕೆ ಬೇಕಿತ್ತು ಸಾರ್?” ಎಂದ. “ಅವನು ಹೋಗಿ ಎರಡು ವರ್ಷಕ್ಕೆ ನನ್ನ ಬೂಟು ಸವೆದುಹೋಯ್ತು. ಎರಡೇ ವರ್ಷ ಬಾಳೋದು ಅಂತ ಅವನೇ ಹೇಳ್ತಿದ್ದ. ಆಮೇಲೆ ಎಷ್ಟು ಜನರ ಹತ್ರ ಮಾಡಿಸಿದೆ, ನಾನೂ ಮಾಡಿ ನೋಡಿದೆ, ಯಾರ ಕೈಲೂ ಆಗಲಿಲ್ಲ. ಪೇಪರಲ್ಲಿ ನಾನು ಹೇಳಿದ್ದು ಸುಳ್ಳು. ಆ ಬೂಟುಗಳೆಲ್ಲ ಅವನವೇ. ಇದೂ ಅವನದೇ. ಲೋಕದಲ್ಲಿ ಇದು ಬರೋದು ಅವನೊಬ್ಬನಿಗೇ, ನನ್ನ ಕಾಲಿನ ಅಚ್ಚು ಇರೋದೂ ಅವನ ಹತ್ರಾನೇ.” ಎಲ್ಲರ ಕಣ್ಣೂ ಗೋಡೆಗೆ ಒರಗಿದ್ದ ಮೂಕಪ್ಪನ ಕಡೆ ತಿರುಗಿತು. ಇನ್‌ಸ್ಪೆಕ್ಟರ್ ಆ ಮಾತುಗಳನ್ನು ಒಂದಕ್ಷರ ಬಿಡದೆ ಒಂದು ಚೀಟಿಯಲ್ಲಿ ಬರೆದುಕೊಂಡ. ಮಾತಿನಮಲ್ಲ ಕೆಳಗೆ ಸಹಿ ಹಾಕಿದ, ಅಂದು ಒಂದು ಚೀಟಿ ಕೇಳಿದ್ದ ಕಾರ್ಯದರ್ಶಿ ಸಾಕ್ಷಿ ಹಾಕಿದಳು.