ಆ ಕಡೆಯ ತುದಿ

ಹದಿನಾರು ಅಡಿ ಉದ್ದದ ತೆಳು ಮರದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ, ಕಾರ್ ಶೆಡ್ಡಿನಲ್ಲಿ ನಾನೂ ನನ್ನ ಹೆಂಡತಿಯ ಅಪ್ಪನೂ ದೋಣಿ ಕಟ್ಟುತ್ತಿದ್ದೆವು. ಪಟ್ಟಿಯ ಆ ಕಡೆಯ ತುದಿ ಮಾವನದು. ಎಷ್ಟು ಹೇಳಿದರೂ ಎರಡು ಬೆರಳು ಮೇಲೆಯೇ ಹಿಡಿಯುವ ಹಟಮಾರಿ. ದೋಣಿ ಅರ್ಧವಾಗಿದ್ದಾಗಲೇ ತೀರಿಕೊಂಡರು.

ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ಒಬ್ಬನೇ ಪಟ್ಟಿ ಎತ್ತಿದೆ. ಜೋತುಬೀಳಬೇಕಿದ್ದ ಆ ತುದಿ ಎರಡು ಬೆರಳು ಮೇಲೆ ನಿಂತಿತ್ತು. ಅಭ್ಯಾಸಬಲ, ಬಾಯಿಗೆ ಬಂದೇಬಿಟ್ಟಿತು: "ಒಂಚೂರು ಇಳಿಸಿ ಮಾವ."

ಇಳಿಯಿತು.

"ಯಾರ ಜೊತೆ ಮಾತು?" ಹೆಂಡತಿ ಒಳಗಿನಿಂದ ಕೂಗಿದಳು.

"ಯಾರೂ ಇಲ್ಲ ಕಣೇ," ಎಂದೆ. ಪಟ್ಟಿ ಮುನಿಸಿಕೊಂಡಂತೆ ಒಮ್ಮೆ ಅಲುಗಿತು.

ಈಗ ದೋಣಿ ನೀರಿಗಿಳಿದಿದೆ. ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತರೆ ಆ ಭಾರಕ್ಕೆ ದೋಣಿಯ ಮುಂದಿನ ಮೂತಿ ಮೇಲೇಳಬೇಕು. ನಮ್ಮದು ಇವತ್ತಿನವರೆಗೂ ಎದ್ದಿಲ್ಲ.